ಲೋಹದ ಮೇಲೊಂದು ಹೆಸರು

ಪುಣೆಯ ಹೆಸರು ಲಿಖಿತವಾಗಿ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಎರಡು ತಾಮ್ರದ ಮೇಲಿವೆ. ಎರಡೂ ರಾಷ್ಟ್ರಕೂಟರ ಕಾಲದವು. ಕ್ರಿ.ಶ. 758ರ ಪಟದಲ್ಲಿ ಈ ಸೀಮೆಗೆ ‘ಪುಣ್ಯ ವಿಷಯ’ ಎಂಬ ಹೆಸರಿದೆ, 768ರ ಪಟದಲ್ಲಿ ‘ಪುಣಕ ವಿಷಯ’ ಎಂದಿದೆ. ವಿಷಯ ಎಂದರೆ ಆಗಿನ ಕಾಲದ ಒಂದು ಆಡಳಿತ ವಿಭಾಗ, ಈಗಿನ ಜಿಲ್ಲೆಯಂಥದ್ದು. ಎರಡನೆಯ ಪಟವನ್ನು ಹೊರಡಿಸಿದವನು ಒಂದನೆಯ ಕೃಷ್ಣ. ಎಲ್ಲೋರದ ಕೈಲಾಸ ದೇವಾಲಯದ ಜೊತೆ ನಾವು ನೆನೆಯುವುದು ಇವನನ್ನೇ. ಗಂಗರ ಮೇಲೆ ದಂಡೆತ್ತಿ ಹೋಗಿದ್ದ ಅವನು ಆಗ ಮಾನ್ಯಪುರದಲ್ಲಿ ಬೀಡುಬಿಟ್ಟಿದ್ದ. ಅದು ಈಗ ನೆಲಮಂಗಲ ತಾಲ್ಲೂಕಿನಲ್ಲಿರುವ ಮಣ್ಣೆ. ಮುಳಾ-ಮುಠಾ ನದಿಗಳ ಬಯಲಿನ ಭೂಮಿಯನ್ನು ದಾನ ಕೊಟ್ಟ ಆಜ್ಞೆ ಹೀಗೆ ಬೆಂಗಳೂರಿನ ಪಕ್ಕದ ಒಂದು ಊರಿನಲ್ಲಿ ಹುಟ್ಟಿ, ತಾಮ್ರದ ಹಲಗೆಗಳ ಮೇಲೆ ಕುಳಿತು, ಕೊನೆಗೆ ಪುಣೆ ಜಿಲ್ಲೆಯ ತಳೇಗಾಂವದಲ್ಲಿ ಪತ್ತೆಯಾಯಿತು.

ಇಂದು ಅದೇ ಪುಣೆಯ ಫ್ಲ್ಯಾಟೊಂದರ ಬಾಲ್ಕನಿಯಲ್ಲಿ, ಹೊಲಿಗೆ ಯಂತ್ರದಷ್ಟು ಜಾಗ ಹಿಡಿಯುವ ಲೇಸರ್ ಯಂತ್ರವೊಂದು ಸ್ಟೀಲ್ ತುಂಡಿನ ಮೇಲೆ ಒಂದೇ ನಿಮಿಷದಲ್ಲಿ ಹೆಸರು ಬರೆದು ಮುಗಿಸಬಲ್ಲದು. ತಿಂಗಳ ಕಂತಿನಲ್ಲಿ ಕೊಂಡು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ರಜಾದಿನ ನಡೆಸುವ ಹವ್ಯಾಸ ಇದು. ಸ್ಪ್ಯಾನರುಗಳಿಗೆ ಒಡೆಯನ ಹೆಸರು, ಡ್ರಿಲ್ ಬಿಟ್ಟಿಗೆ ಅಳತೆ, ಸ್ವಂತವಾಗಿ ಕಟ್ಟಿದ ಆಂಪ್ಲಿಫಯರಿನ ಮುಂಪಟ್ಟಿಗೆ ‘ಧ್ವನಿ’, ‘ವಿದ್ಯುತ್’ ಎಂಬ ಅಕ್ಷರ, ಸೊಸೈಟಿಯ ಗಣೇಶೋತ್ಸವದ ಪದಕಗಳು, ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕ ಎಲ್ಲಕ್ಕೂ ಅದೇ ಯಂತ್ರ.

ಈ ಎರಡರ ನಡುವೆ 1250 ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಅಷ್ಟು ಕಾಲವೂ ಲೋಹದ ಮೇಲೆ ಬರೆಯುವುದು ಎಲ್ಲರಿಗೂ ಸಿಗುವ ಕೆಲಸವಾಗಿರಲಿಲ್ಲ. ಅದಕ್ಕೆ ಅರಸನ ಅಪ್ಪಣೆ ಬೇಕಿತ್ತು, ಅಕ್ಕಸಾಲಿಗನ ಕೈ ಬೇಕಿತ್ತು, ಇಲ್ಲವೇ ಕಾರ್ಖಾನೆಯ ಅಚ್ಚು ಬೇಕಿತ್ತು. ಕಷ್ಟದ ಕೆಲಸವಾದ್ದರಿಂದಲೇ ಲೋಹದ ಮೇಲಿನ ಬರಹವನ್ನು ಜನ ನಂಬಿದರು. ಆ ಕಷ್ಟ ಈಗ ಮಾಯವಾಗಿದೆ. ನಂಬಿಕೆ ಎಲ್ಲಿಗೆ ಹೋಯಿತು ಎಂಬುದನ್ನು ಪುಣೆಯ ಬೀದಿಗಳಲ್ಲೇ ಹುಡುಕಬಹುದು.

ಕಂಡರಿಸಿದವರು

ತಾಮ್ರಪಟ ಒಬ್ಬನ ಕೆಲಸವಲ್ಲ. ಒಕ್ಕಣೆಯನ್ನು ರಚಿಸುವವನೊಬ್ಬ, ಹಲಗೆಯ ಮೇಲೆ ಮಸಿಯಿಂದ ಅಕ್ಷರ ಬರೆಯುವವನೊಬ್ಬ, ಆ ಗೆರೆ ಹಿಡಿದು ಉಳಿಯಿಂದ ಕೊರೆಯುವವನು ಮತ್ತೊಬ್ಬ. ಹಲಗೆಗಳು ಒಂದರ ಮೇಲೊಂದು ಉಜ್ಜಿ ಅಕ್ಷರ ಸವೆಯದಿರಲೆಂದು ಅಂಚನ್ನು ಸ್ವಲ್ಪ ಎತ್ತರಿಸುತ್ತಿದ್ದರು. ಮೊದಲ ಹಲಗೆಯ ಹೊರಮೈ ಮತ್ತು ಕೊನೆಯ ಹಲಗೆಯ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಎಲ್ಲ ಹಲಗೆಗಳಿಗೂ ತೂತು ಹೊಡೆದು, ಒಂದು ಬಳೆ ತೂರಿಸಿ, ಬಳೆಯ ತುದಿಗಳು ಕೂಡುವಲ್ಲಿ ರಾಜಮುದ್ರೆ ಒತ್ತಿದರೆ ಪಟ ಸಿದ್ಧ. ಬಾದಾಮಿ ಚಾಲುಕ್ಯರಿಗೆ ವರಾಹ, ಗಂಗರಿಗೆ ಆನೆ, ರಾಷ್ಟ್ರಕೂಟರಿಗೆ ಬಹುಮಟ್ಟಿಗೆ ಗರುಡ. ಬಳೆ ಕತ್ತರಿಸದೆ ನಡುವೆ ಇನ್ನೊಂದು ಹಲಗೆ ಸೇರಿಸಲು ಬರುವಂತಿರಲಿಲ್ಲ.

ಹಳಗನ್ನಡ ಶಾಸನಗಳು ಕೊರೆಯುವ ಕೆಲಸಕ್ಕೆ ‘ಕಂಡರಿಸು’ ಎಂಬ ಮಾತನ್ನು ಬಳಸುತ್ತವೆ. ಕಲ್ಲಿರಲಿ, ತಾಮ್ರವಿರಲಿ, ಕಂಡರಿಸಿದವನ ಹೆಸರು ಎಷ್ಟೋ ಸಲ ಕೊನೆಯ ಸಾಲಿನಲ್ಲಿ ಇರುತ್ತದೆ. ಗಂಗರ ಹಲವು ತಾಮ್ರಪಟಗಳಲ್ಲಿ ಈ ಸ್ಥಾನದಲ್ಲಿ ಬರುವ ಹೆಸರು ವಿಶ್ವಕರ್ಮ. ತಲೆಮಾರುಗಳ ಅಂತರವಿರುವ ಪಟಗಳಲ್ಲೂ ಅದೇ ಹೆಸರು ಕಾಣುತ್ತದೆ. ಒಬ್ಬನೇ ಮನುಷ್ಯ ಅಷ್ಟು ಕಾಲ ಬದುಕಿರಲಾರ. ಅದು ಕಸುಬಿನ ಪಟ್ಟ, ವಂಶದ ಹೆಸರು ಎಂದು ತಿಳಿದರೆ ಒಗಟು ಬಿಡುತ್ತದೆ.

ಭಾಷೆಯ ಹಂಚಿಕೆಯನ್ನೂ ಗಮನಿಸಬೇಕು. ಅರಸನ ಹೊಗಳಿಕೆ, ವಂಶಾವಳಿ, ಶಾಪವಾಕ್ಯಗಳೆಲ್ಲ ಬಹುತೇಕ ಸಂಸ್ಕೃತದಲ್ಲಿ ಇರುತ್ತಿದ್ದವು. ಗಂಗರ ಎಷ್ಟೋ ಪಟಗಳಲ್ಲಿ ಮಾತು ಹೊಲದ ಎಲ್ಲೆಗೆ ಬಂದ ಕೂಡಲೇ ಕನ್ನಡ ಶುರುವಾಗುತ್ತದೆ. ಯಾವ ಹುತ್ತ, ಯಾವ ಮರ, ಯಾವ ಕೆರೆಯ ಕೋಡಿ ಎಂಬುದನ್ನು ನಾಳೆ ಜಗಳ ಬಂದಾಗ ಓದುವವರು ಊರವರು. ಅವರಿಗೆ ಅರ್ಥವಾಗದ ಗಡಿ ಗಡಿಯಲ್ಲ. ಲೋಹದ ಮೇಲಿನ ಬರಹದಲ್ಲಿ ಮೆರೆಯಲೆಂದು ಇದ್ದ ಭಾಗ ಬೇರೆ, ಬಳಕೆಗೆಂದು ಇದ್ದ ಭಾಗ ಬೇರೆ. ಕನ್ನಡ ಇದ್ದದ್ದು ಬಳಕೆಯ ಭಾಗದಲ್ಲಿ.

ಆದರೆ ಇಷ್ಟು ಕಟ್ಟುನಿಟ್ಟಿನ ಪಟವನ್ನೂ ನಕಲು ಮಾಡಿದವರಿದ್ದರು. ಭೂಮಿಯ ಹಕ್ಕು ಹಲಗೆಯ ಮೇಲೆ ನಿಂತಿರುವಾಗ ಹಲಗೆಯನ್ನೇ ಹೊಸದಾಗಿ ಮಾಡಿಸುವ ಆಸೆ ಹುಟ್ಟುವುದು ಸಹಜ. ರಾಜಶಾಸನವನ್ನು ಸುಳ್ಳಾಗಿ ಸೃಷ್ಟಿಸಿದವನಿಗೆ ಮರಣದಂಡನೆ ಎಂದು ಮನುಸ್ಮೃತಿಯೇ ಹೇಳುತ್ತದೆ. ಅಪರಾಧ ನಡೆಯುತ್ತಲೇ ಇರದಿದ್ದರೆ ಅಂಥ ಶಿಕ್ಷೆಯ ಮಾತು ಬರುತ್ತಿರಲಿಲ್ಲ.

ಕರ್ನಾಟಕದ ಇತಿಹಾಸ ಬರವಣಿಗೆಯ ಒಂದು ದೊಡ್ಡ ಜಗಳ ನಡೆದದ್ದು ಇದೇ ವಿಷಯಕ್ಕೆ. ಮುಂಬೈ ಪ್ರಾಂತದ ಅಧಿಕಾರಿಯಾಗಿದ್ದು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಜೆ.ಎಫ್. ಫ್ಲೀಟ್ ಒಂದು ಕಡೆ. ಮೈಸೂರು ಸಂಸ್ಥಾನದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಇನ್ನೊಂದು ಕಡೆ. ಗಂಗರ ಆರಂಭಕಾಲದ ತಾಮ್ರಪಟಗಳಲ್ಲಿ ಬಹಳಷ್ಟು ಖೋಟಾ ಎಂಬುದು ಫ್ಲೀಟ್ ವಾದ. 1901ರಲ್ಲಿ ಅವರು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಭಾರತದ ನಕಲಿ ಶಾಸನಗಳ ಪಟ್ಟಿಯನ್ನೇ ಕೊಟ್ಟರು. ಲಿಪಿಯ ರೂಪ ಹೇಳಿಕೊಂಡ ಕಾಲಕ್ಕಿಂತ ಈಚಿನದು, ತಿಥಿಗೂ ವಾರಕ್ಕೂ ತಾಳೆಯಿಲ್ಲ, ವಂಶಾವಳಿ ಒಂದಕ್ಕೊಂದು ಹೊಂದುವುದಿಲ್ಲ ಎಂಬಂಥವು ಅವರ ಕಾರಣಗಳು. ರೈಸ್ ಆ ಪಟಗಳ ಪರವಾಗಿ ನಿಂತರು. ಕೊನೆಗೆ ಪೆನುಕೊಂಡದ ಪಟ ಸಿಕ್ಕಾಗ ಅದನ್ನು ಅಸಲಿ ಎಂದು ಫ್ಲೀಟ್ ಅವರೇ ಒಪ್ಪಿದರು. ಗಂಗರ ಇತಿಹಾಸ ಪೂರ್ತಿ ಕಟ್ಟುಕಥೆಯಲ್ಲ ಎಂಬುದು ಅಲ್ಲಿಗೆ ಗಟ್ಟಿಯಾಯಿತು, ಆದರೆ ಕೆಲವು ಪಟಗಳ ಮೇಲಿನ ಅನುಮಾನ ಹೋಗಲಿಲ್ಲ.

ಈ ಜಗಳದಿಂದ ಒಂದು ಮಾತು ಸ್ಪಷ್ಟ. ತಾಮ್ರ ತಾನಾಗಿ ಸತ್ಯ ಹೇಳುವುದಿಲ್ಲ. ಲಿಪಿ, ಮುದ್ರೆ, ತಿಥಿ, ಬೇರೆ ದಾಖಲೆಗಳ ಜೊತೆಗಿನ ಹೊಂದಾಣಿಕೆ, ಇವೆಲ್ಲ ಸೇರಿ ಸಾಕ್ಷಿ ನುಡಿದರೆ ಮಾತ್ರ ಅದು ದಾಖಲೆ.

ತಂಬಟ ಆಳಿಯ ಸದ್ದು

ಅರಸರ ಕಾಲ ಮುಗಿದ ಮೇಲೂ ತಾಮ್ರದ ಮೇಲಿನ ಅಕ್ಷರ ಮುಗಿಯಲಿಲ್ಲ. ಅದು ಅಡಿಗೆಮನೆಗೆ ಬಂತು.

ಪುಣೆಯ ಹಳೆಯ ಭಾಗವಾದ ಕಸಬಾ ಪೇಟೆಯಲ್ಲಿ ತಂಬಟ ಆಳಿ ಎಂಬ ಓಣಿ ಇದೆ. ತಂಬಟರು ಎಂದರೆ ತಾಮ್ರದ ಕೆಲಸದವರು. ಪೇಶ್ವೆಗಳ ಕಾಲದಿಂದ ಇಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿದೆ. ನೀರು ಕಾಯಿಸುವ ಬಂಬ, ಹಂಡೆ, ಕೊಡ, ತಂಬಿಗೆ ಇವರ ಕೈಯಲ್ಲಿ ರೂಪ ಪಡೆಯುತ್ತಿದ್ದವು. ಪಾತ್ರೆಯ ಮೈತುಂಬ ಒತ್ತೊತ್ತಾಗಿ ಕಾಣುವ ಸುತ್ತಿಗೆಯ ಗುಳಿಗಳಿಗೆ ಅಲ್ಲಿ ‘ಮಠಾರ ಕಾಮ’ ಎನ್ನುತ್ತಾರೆ. ಅದು ಬರೀ ಅಲಂಕಾರವಲ್ಲ. ಬಡಿದಷ್ಟೂ ತಾಮ್ರ ಬಿಗಿಯಾಗುತ್ತದೆ, ತೆಳು ತಗಡೂ ತಗ್ಗದಂತೆ ನಿಲ್ಲುತ್ತದೆ.

ಪಾತ್ರೆ ಕೊಂಡ ಮೇಲೆ ಅದರ ಮೇಲೆ ಹೆಸರು ಹಾಕಿಸುವುದು ಪುಣೆಯಲ್ಲೂ ಇದೆ, ಬೆಳಗಾವಿ, ಧಾರವಾಡ, ವಿಜಯಪುರ, ಮೈಸೂರುಗಳಲ್ಲೂ ಇದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಹಿತ್ತಾಳೆ ಕೊಳಗವಿದ್ದರೆ ಕಂಠದ ಕೆಳಗೆ ಒಮ್ಮೆ ಬೆರಳಾಡಿಸಿ ನೋಡಿ. ಚುಕ್ಕೆ ಚುಕ್ಕೆಯಾಗಿ ಕೂಡಿಸಿದ ಅಕ್ಷರಗಳು ಕೈಗೆ ಸಿಗುತ್ತವೆ. ಅಜ್ಜಿಯ ಹೆಸರು, ತವರಿನ ಅಡ್ಡಹೆಸರು, ಮದುವೆಯ ತಾರೀಖು, ಕೆಲವೊಮ್ಮೆ ಕೊಟ್ಟವರ ಹೆಸರು. ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕೂತ ಒಬ್ಬಾತ ಅದನ್ನು ಕಣ್ಣಳತೆಯಲ್ಲೇ ಹೊಡೆದು ಕೊಟ್ಟಿರುತ್ತಾನೆ. ಮುಂದೆ ಕರೆಂಟಿನಿಂದ ಗುಂಯ್‌ಗುಡುವ ಪೆನ್ನು ಬಂತು, ಕೆಲಸ ಬೇಗವಾಯಿತು.

ಇದರ ಉಪಯೋಗ ನೇರವಾದದ್ದು. ಮದುವೆ-ಮುಂಜಿಗಳಿಗೆ ಓಣಿಯ ಪಾತ್ರೆಗಳೆಲ್ಲ ಒಂದೇ ಒಲೆಯ ಮುಂದೆ ಸೇರುತ್ತಿದ್ದವು. ಮರುದಿನ ಬೆಳಗಿಟ್ಟ ರಾಶಿಯಿಂದ ಯಾರದು ಯಾರಿಗೆ ಎಂದು ಬಿಡಿಸಿಕೊಡುವುದು ಹೆಸರೇ. ಇದಕ್ಕಿಂತ ಆಳದ ಉಪಯೋಗ ಇನ್ನೊಂದಿತ್ತು. ಮನೆಯ ಗೋಡೆ, ಹೊಲದ ಪಹಣಿ, ಅಂಗಡಿಯ ಫಲಕ ಎಲ್ಲದರ ಮೇಲೂ ಗಂಡಸಿನ ಹೆಸರೇ ಇದ್ದ ಕಾಲದಲ್ಲಿ, ಹೆಂಗಸಿನ ಹೆಸರು ಶಾಶ್ವತವಾಗಿ ಉಳಿದ ಜಾಗ ಬಹುಶಃ ಪಾತ್ರೆಯೊಂದೇ. ತವರಿನಿಂದ ಬಂದ ಕೊಡ ಅವಳದು ಎಂಬುದಕ್ಕೆ ಬೇರೆ ಪತ್ರ ಬೇಕಿರಲಿಲ್ಲ. ಕಷ್ಟಕಾಲದಲ್ಲಿ ಆ ಕೊಡ ಮಾರ್ವಾಡಿಯ ಅಂಗಡಿಗೆ ಹೋಗಿ ತೂಕದ ಲೆಕ್ಕದಲ್ಲಿ ಕರಗಿದರೆ ಹೆಸರೂ ಕರಗುತ್ತಿತ್ತು.

ಪುಣೆಯಲ್ಲಿ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ ನೋಡಿದವರಿಗೆ ಇದು ಮನಸ್ಸಿಗೆ ತಟ್ಟಿರುತ್ತದೆ. ದೀಪ, ಅಡಕತ್ತರಿ, ಪೆಟ್ಟಿಗೆ, ಪಾತ್ರೆ ಎಂದು ಒಬ್ಬ ಮನುಷ್ಯ ಜೀವಮಾನವಿಡೀ ದಿನಬಳಕೆಯ ಸಾಮಾನು ಕೂಡಿಹಾಕಿ ಕಟ್ಟಿದ ಸಂಗ್ರಹ ಅದು. ಅರಸರ ತಾಮ್ರಪಟಕ್ಕೆ ಸಂಶೋಧಕರು ಸಿಕ್ಕರು. ಅಜ್ಜಿಯರ ತಾಮ್ರದ ಕೊಡದ ಮೇಲಿನ ಬರಹಗಳನ್ನು ಸಂಪುಟವಾಗಿ ಅಚ್ಚು ಹಾಕುವ ಗೋಜಿಗೆ ಹೋದವರು ಕಡಿಮೆ.

ಖಡಕಿಯ ಕೆ ಮತ್ತು ಎಫ್

ಪುಣೆಯ ಲೋಹಕ್ಕೆ ಮೂರನೆಯ ಬಗೆಯ ಬರಹ ಬಂದದ್ದು ಬ್ರಿಟಿಷರ ದಂಡಿನಿಂದ. ಖಡಕಿಯ ಮದ್ದುಗುಂಡು ಕಾರ್ಖಾನೆ ಶುರುವಾದದ್ದು 1869ರಲ್ಲಿ. ಅಲ್ಲಿ ತಯಾರಾದ ತೋಟಾಗಳ ಹಿತ್ತಾಳೆ ತಳದಲ್ಲಿ ‘ಕೆ’ ಮತ್ತು ‘ಎಫ್’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತಿದ್ದವು. ಕಿರ್ಕೀ ಫ್ಯಾಕ್ಟರಿ ಎಂಬುದರ ಸಂಕ್ಷೇಪ ಅದು. ಖಡಕಿ ಎಂಬುದು ಬ್ರಿಟಿಷರ ಬಾಯಲ್ಲಿ ಕಿರ್ಕೀ ಆಗಿತ್ತು. ಯಾವುದೋ ದೂರದ ರಣಭೂಮಿಯ ಮಣ್ಣಿನಲ್ಲಿ ಇಂಥದೊಂದು ಖಾಲಿ ತೋಟಾ ಸಿಕ್ಕರೆ, ಅದು ಪುಣೆಯಲ್ಲಿ ಹುಟ್ಟಿದ್ದು ಎಂದು ಬಲ್ಲವರು ಇಂದಿಗೂ ಹೇಳಬಲ್ಲರು.

ತಾಮ್ರಪಟ ಅರಸನ ಹೆಸರು ಹೇಳುತ್ತಿತ್ತು, ಕೊಡ ಒಡತಿಯ ಹೆಸರು ಹೇಳುತ್ತಿತ್ತು. ತೋಟಾ ಹೇಳುವುದು ಹೊಣೆಗಾರನ ಹೆಸರು. ಸರಕು ಕೆಟ್ಟರೆ ಯಾವ ಕಾರ್ಖಾನೆಯ ಬಾಗಿಲು ತಟ್ಟಬೇಕು, ಯಾವ ವರ್ಷದ ದಾಸ್ತಾನನ್ನು ತೆಗೆದಿಡಬೇಕು ಎಂಬುದಕ್ಕೆ ಈ ಗುರುತು. ಕೈಗಾರಿಕೆಯ ಯುಗದಲ್ಲಿ ಲೋಹದ ಮೇಲಿನ ಬರಹ ಎಂದರೆ ಮುಖ್ಯವಾಗಿ ಇದೇ.

ಸ್ವಾತಂತ್ರ್ಯದ ಹೊತ್ತಿಗೆ ಪುಣೆ ಎಂಜಿನ್ನುಗಳ ಊರಾಗತೊಡಗಿತು. ಈ ಕಥೆಯಲ್ಲಿ ಬೆಳಗಾವಿಗೂ ಪಾಲಿದೆ. ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ, 1946ರಲ್ಲಿ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ. ಕರ್ನಾಟಕ, ಮಹಾರಾಷ್ಟ್ರಗಳ ಎಷ್ಟೋ ಬಾವಿಗಳ ಕಟ್ಟೆಯ ಮೇಲೆ ಟಕಟಕ ಎಂದ ಡೀಸೆಲ್ ಎಂಜಿನ್ನುಗಳ ಮೈಮೇಲೆ ಎರಕದ ಅಕ್ಷರದಲ್ಲಿ ಆ ಹೆಸರಿತ್ತು. ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿಗಳಲ್ಲಿ ವಾಹನ ಕಾರ್ಖಾನೆಗಳೂ ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಶೆಡ್ಡುಗಳೂ ಬೆಳೆದಂತೆ, ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯ ಕನ್ನಡಿಗರು ಕೆಲಸ ಹುಡುಕಿ ಅಲ್ಲಿಗೆ ಬಂದರು.

ಆ ಶೆಡ್ಡುಗಳಲ್ಲಿ ಗುರುತು ಹಾಕುತ್ತಿದ್ದದ್ದು ಪಂಚಿನಿಂದ. ಗಟ್ಟಿ ಉಕ್ಕಿನ ಸಣ್ಣ ಕೋಲುಗಳ ತುದಿಯಲ್ಲಿ ತಿರುಗುಮುರುಗಾದ ಒಂದೊಂದು ಅಕ್ಷರ. ಒಂದು ಡಬ್ಬಿಯಲ್ಲಿ ಎ ಇಂದ ಝಡ್ ತನಕ, ಇನ್ನೊಂದರಲ್ಲಿ ಸೊನ್ನೆಯಿಂದ ಒಂಬತ್ತರ ತನಕ. ಹಿಡಿದು ಸುತ್ತಿಗೆಯಿಂದ ಒಂದೇ ಏಟು. ಎರಡನೆಯ ಏಟು ಹೊಡೆದರೆ ಅಕ್ಷರಕ್ಕೆ ನೆರಳು ಬೀಳುತ್ತದೆ. ರವಿವಾರ ಪೇಟೆಯ ಬೋಹ್ರಿ ಆಳಿಯಂಥ ಹಾರ್ಡ್‌ವೇರ್ ಪೇಟೆಗಳಲ್ಲಿ ಈ ಡಬ್ಬಿಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ ಕನ್ನಡವಿಲ್ಲ. ಇಪ್ಪತ್ತಾರು ಅಕ್ಷರದ ಲಿಪಿಗೆ ಪೆಟ್ಟಿಗೆ ಮಾಡುವುದು ಸುಲಭ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ತುಂಡು ಬೇಕಾಗುವ ಲಿಪಿಗೆ ಆ ಖರ್ಚು ಯಾರೂ ಹೊರಲಿಲ್ಲ. ಪಾತ್ರೆಯಂಗಡಿಯ ಉಳಿಗೆ ಕನ್ನಡ ಬರುತ್ತಿತ್ತು, ಏಕೆಂದರೆ ಅದು ಕೈಬರಹ. ಕಾರ್ಖಾನೆಯ ಪಂಚಿಗೆ ಬರಲಿಲ್ಲ.

ಬಾರಾಮತಿಯ ಹುಡುಗನ ಬೆಳಕು

ಲೋಹದ ಬರಹದ ನಾಲ್ಕನೆಯ ಬಗೆ ಬೆಳಕಿನದು. ಅದರ ಮೂಲದ ಒಂದು ಎಳೆಯೂ ಪುಣೆಯ ಕೈಯಲ್ಲಿದೆ.

1960ರ ಮೇ 16ರಂದು ಅಮೆರಿಕದ ಥಿಯೊಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಬೆಳಗಿಸಿದರು. ಅದಕ್ಕೆ ಎರಡು ವರ್ಷ ಹಿಂದೆ, 1958ರಲ್ಲಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಿಂದ ಒಬ್ಬ ಯುವಕ ಪದವಿ ಪಡೆದು ಹೊರಬಿದ್ದಿದ್ದರು. 1854ರಲ್ಲಿ ಶುರುವಾದ ಹಳೆಯ ಕಾಲೇಜು ಅದು. ಯುವಕ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿದ ಸಿ. ಕುಮಾರ್ ಎನ್. ಪಟೇಲ್. ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿ 1961ರಲ್ಲಿ ಬೆಲ್ ಪ್ರಯೋಗಾಲಯ ಸೇರಿದ ಅವರು, ಕೆಲವೇ ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರ್ ಹೊಮ್ಮಿಸಿದರು. 1964ರಲ್ಲಿ ಅದರ ವಿವರ ಪ್ರಕಟವಾಯಿತು. ಆ ಅನಿಲಕ್ಕೆ ಸಾರಜನಕ ಬೆರೆಸಿದಾಗ ಶಕ್ತಿ ಬಹಳ ಪಟ್ಟು ಹೆಚ್ಚಿತು. ಬಟ್ಟೆ, ಮರ, ಅಕ್ರಿಲಿಕ್ ಕತ್ತರಿಸುವ ಯಂತ್ರಗಳಿಂದ ಶಸ್ತ್ರಚಿಕಿತ್ಸೆಯ ಕೋಣೆಯ ತನಕ ಈ ಲೇಸರ್ ಹೋಯಿತು. 1996ರಲ್ಲಿ ಪಟೇಲ್ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಂದಿತು.

ಇಷ್ಟೆಲ್ಲ ಮಾಡಬಲ್ಲ ಈ ಬೆಳಕು ಬರಿಯ ತಾಮ್ರದ ಮುಂದೆ ಸೋಲುತ್ತದೆ. ಅದರ ತರಂಗಾಂತರ 10.6 ಮೈಕ್ರಾನ್, ಕಣ್ಣಿಗೆ ಕಾಣದ ಅವಗೆಂಪು. ಲೋಹದೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳು ಇಷ್ಟು ಉದ್ದದ ಅಲೆಯನ್ನು ಕನ್ನಡಿಯ ಹಾಗೆ ಹಿಂದಕ್ಕೆ ಎಸೆಯುತ್ತವೆ. ಈ ಲೇಸರಿನ ಒಳಗೆ ಕನ್ನಡಿಯಾಗಿ ಬಳಸುವುದೇ ತಾಮ್ರ ಅಥವಾ ಚಿನ್ನದ ಲೇಪವಿರುವ ಫಲಕಗಳನ್ನು. ಬಾರಾಮತಿಯವರ ಬೆಳಕಿಗೆ ತಂಬಟ ಆಳಿಯ ಕೊಡ ಬಗ್ಗಲಿಲ್ಲ.

ಲೋಹಕ್ಕೆ ಬೇಕಾದದ್ದು ಗಿಡ್ಡ ಅಲೆ. ನಿಯೋಡಿಮಿಯಂ ಬೆರೆಸಿದ ಗಾಜಿನಿಂದ ಸುಮಾರು ಒಂದು ಮೈಕ್ರಾನಿನ ಲೇಸರನ್ನು 1961ರಲ್ಲೇ ಎಲಾಯಸ್ ಸ್ನಿಟ್ಜರ್ ತೋರಿಸಿದ್ದರು. ಗಾಜಿನ ಎಳೆಯನ್ನೇ ಲೇಸರ್ ಮಾಡುವ ದಾರಿಯೂ ಅವರಿಂದಲೇ ತೆರೆಯಿತು. ದಶಕಗಳ ನಂತರ ಅದು ಈಗಿನ ಫೈಬರ್ ಲೇಸರ್ ಆಯಿತು. ಇದರ ಗುಟ್ಟು ಒಟ್ಟು ಶಕ್ತಿಯಲ್ಲಿಲ್ಲ, ಅದನ್ನು ಒತ್ತೊತ್ತಾಗಿ ಕೊಡುವ ರೀತಿಯಲ್ಲಿದೆ. 20 ವ್ಯಾಟಿನ ಯಂತ್ರ ಸೆಕೆಂಡಿಗೆ 20,000 ಮಿಡಿತ ಕೊಟ್ಟರೆ ಒಂದೊಂದರಲ್ಲಿ ಇರುವುದು 1 ಮಿಲಿಜೌಲ್. ಆ ಮಿಡಿತ 100 ನ್ಯಾನೋಸೆಕೆಂಡಿನಲ್ಲಿ ಮುಗಿದರೆ ಆ ಕ್ಷಣದ ಶಕ್ತಿ 10,000 ವ್ಯಾಟ್. ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಆ ಚುಕ್ಕೆಯಲ್ಲಿ ಲೋಹ ಆವಿಯಾಗುತ್ತದೆ. ಎರಡು ಪುಟ್ಟ ಕನ್ನಡಿಗಳು ಸರ್ರನೆ ಓಲಾಡಿ ಚುಕ್ಕೆಯನ್ನು ಅಕ್ಷರದ ಗುಂಟ ಓಡಿಸುತ್ತವೆ. ಸುತ್ತಿಗೆ-ಉಳಿಯವನು ಚುಕ್ಕೆ ಕೂಡಿಸಿ ಅಕ್ಷರ ಮಾಡಿದಂತೆಯೇ ಇದೂ, ಆದರೆ ಸೆಕೆಂಡಿಗೆ ಸಾವಿರಾರು ಏಟು.

ಹವ್ಯಾಸಿಗಳ ಮೇಜಿನ ಮೇಲೆ ಹೆಚ್ಚಾಗಿ ಇರುವುದು ಇದಕ್ಕಿಂತ ಅಗ್ಗದ, ಸುಮಾರು 450 ನ್ಯಾನೋಮೀಟರಿನ ನೀಲಿ ಡಯೋಡ್ ಲೇಸರ್. ಅದು ಮಿಡಿಯುವುದಿಲ್ಲ, ಒಂದೇ ಸಮನೆ ಉರಿಯುತ್ತದೆ. ತಾಮ್ರ ನೀಲಿ ಬೆಳಕನ್ನು ಸಾಕಷ್ಟು ಹೀರುತ್ತದೆ ನಿಜ, ಆದರೆ ಹೀರಿದ ಬಿಸಿಯನ್ನು ಅಷ್ಟೇ ಬೇಗ ಮೈಗೆಲ್ಲ ಹರಡಿಬಿಡುತ್ತದೆ. ಹಾಗಾಗಿ ಇಲ್ಲಿ ಉಪಾಯ ಬೇಕು. ಬಣ್ಣ ಬಳಿದ ಸ್ಟೀಲ್ ಲೋಟವಾದರೆ ಬಣ್ಣವನ್ನು ಸುಟ್ಟು ಕೆಳಗಿನ ಹೊಳಪು ತೋರಿಸಬಹುದು. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಆದರೆ ಮೇಲ್ಪದರದ ರಂಗು ಬಿಳಚಿ ಅಕ್ಷರ ಮೂಡುತ್ತದೆ. ಬರಿಯ ಸ್ಟೀಲಿಗೆ ಮಾಲಿಬ್ಡಿನಮ್ ಇರುವ ಕಪ್ಪು ಲೇಪವನ್ನು ಸಿಂಪಡಿಸಿ, ಒಣಗಿಸಿ, ಅದರ ಮೇಲೆ ಲೇಸರ್ ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಲೇಪ ಕರಗಿ ಉಕ್ಕಿಗೆ ಅಂಟುತ್ತದೆ, ಉಳಿದದ್ದನ್ನು ನೀರಿನಲ್ಲಿ ತೊಳೆದರಾಯಿತು.

ಇಲ್ಲಿ ಕನ್ನಡದ ಪದಗಳು ತಮ್ಮಷ್ಟಕ್ಕೆ ಪಾಠ ಹೇಳುತ್ತವೆ. ‘ಕೆತ್ತು’ ಎಂದರೆ ವಸ್ತುವನ್ನು ಚಕ್ಕೆಯಾಗಿ ತೆಗೆಯುವುದು, ‘ಕೊರೆ’ ಎಂದರೆ ಆಳಕ್ಕೆ ಇಳಿಯುವುದು, ‘ಒತ್ತು’ ಎಂದರೆ ತಗ್ಗಿಸುವುದು. ಫೈಬರ್ ಲೇಸರ್ ಕೊರೆಯುತ್ತದೆ, ಪಂಚು ಒತ್ತುತ್ತದೆ. ನೀಲಿ ಲೇಸರ್ ಇದ್ಯಾವುದನ್ನೂ ಮಾಡದೆ ಮೇಲ್ಮೈಯನ್ನು ಸುಟ್ಟು ಗುರುತು ಬಿಡುತ್ತದೆ. ಅದಕ್ಕೆ ತಕ್ಕ ಮಾತು ‘ಬರೆ’. ಬರೆಯುವುದಕ್ಕೂ ಅದೇ ಮಾತು, ಕಾದ ಕಬ್ಬಿಣದಿಂದ ಹಾಕುವ ಗುರುತಿಗೂ ಅದೇ ಮಾತು.

ಮನೆಯಲ್ಲಿ ಮಾಡುವವರು ಮರೆಯಬಾರದ ಸಂಗತಿಗಳೂ ಇವೆ. ಈ ಯಂತ್ರಗಳು ಲೇಸರುಗಳಲ್ಲಿ ಅತಿ ಅಪಾಯದ 4ನೇ ವರ್ಗಕ್ಕೆ ಸೇರಿದವು. ಹೊಳೆಯುವ ಹಿತ್ತಾಳೆಗೆ ತಾಗಿ ತಿರುಗಿದ ಕಿರಣವೂ ಕಣ್ಣು ಕಳೆಯಬಲ್ಲದು. ನೀಲಿ ಲೇಸರಿನ ಕನ್ನಡಕ ಫೈಬರ್ ಲೇಸರಿಗೆ ಉಪಯೋಗವಿಲ್ಲ, ತರಂಗಾಂತರ ನೋಡಿಯೇ ಕೊಳ್ಳಬೇಕು. ಸತುವಿನ ಲೇಪದ ತಗಡು ಹೊಗೆಯಾಗಿ ಎದೆಗೆ ಇಳಿಯುತ್ತದೆ, ಪಿವಿಸಿ ಸುಟ್ಟರೆ ಹೊರಡುವ ವಿಷಾನಿಲ ಮನುಷ್ಯನನ್ನೂ ಯಂತ್ರವನ್ನೂ ತಿನ್ನುತ್ತದೆ. ಸ್ಟೀಲಿನ ಮೇಲೆ ಬಿಸಿಯಿಂದ ಕಪ್ಪು ಗುರುತು ಮಾಡಿದ ಜಾಗದಲ್ಲಿ ಕ್ರೋಮಿಯಂನ ರಕ್ಷಣೆ ಕುಂದಿ ಮುಂದೆ ತುಕ್ಕು ಹಿಡಿಯಬಹುದು. ಅಜ್ಜಿಯ ಕೊಡಕ್ಕೆ ತುಕ್ಕಿನ ಭಯವಿರಲಿಲ್ಲ, ಕಿಲುಬಿನ ಭಯವಿತ್ತು. ಹುಣಸೆಹಣ್ಣು ತಿಕ್ಕಿದರೆ ಅದು ಹೋಗುತ್ತಿತ್ತು.

ನಂಬಿಕೆಯ ಹೊಸ ಮನೆ

ಲೋಹದ ಮೇಲೆ ಬರೆಯುವುದು ಇಷ್ಟು ಸಲೀಸಾದಾಗ ಖೋಟಾ ಬರಹವೂ ಅಷ್ಟೇ ಸಲೀಸು. ಫ್ಲೀಟ್ ಎದುರಿಸಿದ ಪ್ರಶ್ನೆಯೇ ಇಂದು ಪೊಲೀಸರ ಮುಂದೆ, ಸರಾಫರ ಮುಂದೆ ಇದೆ.

ವಾಹನದ ಚಾಸಿ ಮತ್ತು ಎಂಜಿನ್ ಮೇಲೆ ಸಂಖ್ಯೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕದ್ದ ಗಾಡಿಯ ಸಂಖ್ಯೆಯನ್ನು ಅರದಿಂದ ಉಜ್ಜಿ ಬೇರೆ ಸಂಖ್ಯೆ ಹೊಡೆಯುವುದು ಹಳೆಯ ಕಳ್ಳವಿದ್ಯೆ. ಆದರೆ ಸುತ್ತಿಗೆಯ ಬರಹಕ್ಕೆ ಒಂದು ಗುಣವಿದೆ. ಪಂಚು ಒತ್ತಿದಾಗ ಅಕ್ಷರದ ತಗ್ಗಿನ ಕೆಳಗೂ ಲೋಹದ ಕಣಗಳು ಜಜ್ಜಿರುತ್ತವೆ. ಕಾಣುವ ಅಕ್ಷರ ಪೂರ್ತಿ ಸವೆದರೂ, ವಿಧಿವಿಜ್ಞಾನದವರು ಅಲ್ಲಿ ತಕ್ಕ ಆಮ್ಲ ಸವರಿದರೆ ಜಜ್ಜಿದ ಭಾಗ ಬೇರೆ ವೇಗದಲ್ಲಿ ಕರಗಿ ಹಳೆಯ ಸಂಖ್ಯೆ ಮಸುಕಾಗಿ ಮೇಲೆದ್ದು ಬರುತ್ತದೆ. ಏಟು ತಿಂದದ್ದನ್ನು ಲೋಹ ಮರೆತಿರುವುದಿಲ್ಲ. ಲೇಸರ್ ಗೆರೆಯ ಕೆಳಗೆ ಹಾಗೆ ಜಜ್ಜಿದ ಪದರ ಇಲ್ಲ. ತೆಳುವಾಗಿ ಬರೆದದ್ದನ್ನು ಉಜ್ಜಿಬಿಟ್ಟರೆ ಮತ್ತೆ ಎಬ್ಬಿಸುವುದು ಬಹಳ ಕಷ್ಟ.

ಚಿನ್ನದ ಹಾಲ್‌ಮಾರ್ಕ್ ಕಥೆ ಇನ್ನೂ ಚೆನ್ನಾಗಿ ಇದನ್ನು ತೋರಿಸುತ್ತದೆ. ಭಾರತೀಯ ಮಾನಕ ಬ್ಯೂರೋ ಚಿನ್ನದ ಹಾಲ್‌ಮಾರ್ಕಿಂಗ್ ಶುರುಮಾಡಿದ್ದು 2000ನೇ ಇಸವಿಯಲ್ಲಿ. 2021ರ ಜುಲೈ 1ರಿಂದ ಪ್ರತಿ ಒಡವೆಗೂ 6 ಅಕ್ಷರ-ಅಂಕಿಗಳ ಪ್ರತ್ಯೇಕ ಗುರುತು ಬಂತು, 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಪುಣೆಯ ಲಕ್ಷ್ಮೀ ರಸ್ತೆಯಲ್ಲಾಗಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ, ಉಂಗುರದ ಒಳಮೈಯಲ್ಲಿ ಲೇಸರ್ ಬರೆದ ಆ ಆರು ಗುರುತುಗಳನ್ನು ಬರಿಗಣ್ಣಿನಿಂದ ಓದುವುದೇ ಕಷ್ಟ. ಓದಿದ ಮಾತ್ರಕ್ಕೆ ಏನೂ ತಿಳಿಯುವುದೂ ಇಲ್ಲ. ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದಾಗ ಮಾತ್ರ ಒಡವೆ ಎಂಥದ್ದು, ಎಷ್ಟು ಶುದ್ಧ, ಯಾರು ಪರೀಕ್ಷೆ ಮಾಡಿಸಿದರು ಎಂಬುದು ತೆರೆದುಕೊಳ್ಳುತ್ತದೆ. ಲೇಸರಿನಿಂದ ಆರು ಅಕ್ಷರ ಯಾರು ಬೇಕಾದರೂ ಬರೆಯಬಹುದು. ಅದಕ್ಕೆ ತಾಳೆಯಾಗುವ ಸಾಲನ್ನು ಸರ್ಕಾರದ ಕಡತದಲ್ಲಿ ಬರೆಯಲು ಎಲ್ಲರಿಗೂ ಆಗುವುದಿಲ್ಲ. ಹೀಗೆ ನಂಬಿಕೆ ಲೋಹವನ್ನು ಬಿಟ್ಟು ಕಡತಕ್ಕೆ ಹೋಗಿದೆ, ಲೋಹದ ಮೇಲೆ ಉಳಿದಿರುವುದು ಆ ಕಡತದ ಪುಟಸಂಖ್ಯೆ ಮಾತ್ರ.

ಆದರೆ ಕಡತ ಅಳಿದರೆ? ಒಂದನೆಯ ಕೃಷ್ಣನ ಆಸ್ಥಾನದಲ್ಲಿ ದಾನಗಳ ಲೆಕ್ಕದ ಓಲೆಗಳು ಇದ್ದಿದ್ದರೆ ಅವು ಎಂದೋ ಮಣ್ಣಾದವು. ತಾಮ್ರ ಉಳಿಯಿತು, ಏಕೆಂದರೆ ಅದರಲ್ಲಿ ಕೊಟ್ಟವನು, ಪಡೆದವನು, ಊರು, ಎಲ್ಲೆ, ಕಾಲ ಎಲ್ಲವೂ ಇದ್ದವು. ಅದು ತನ್ನ ಕಥೆಯನ್ನು ತಾನೇ ಹೇಳಬಲ್ಲದು. ಆರು ಅಕ್ಷರದ ಗುರುತು ಹೊತ್ತ ಉಂಗುರ ಸಾವಿರ ವರ್ಷದ ನಂತರ ಮಣ್ಣಿನಿಂದ ಎದ್ದುಬಂದರೆ, ಅದನ್ನು ಅರ್ಥಮಾಡಿಸುವ ಸರ್ವರ್ ಎಲ್ಲೂ ಇರುವುದಿಲ್ಲ. ಚಿನ್ನವಿರುತ್ತದೆ, ಮಾತಿರುವುದಿಲ್ಲ.

ಹವ್ಯಾಸದ ಲೇಸರಿನ ಬೆಲೆ ಇರುವುದು ಇಲ್ಲಿಯೇ. ಕಾರ್ಖಾನೆಯ ಪಂಚು ಕೊಡದಿದ್ದದ್ದನ್ನು ಅದು ಕೊಡುತ್ತದೆ. ಯಾವ ಲಿಪಿಯಾದರೂ ಅದಕ್ಕೆ ಒಂದೇ, ‘ಕ್ಷ್ಮೀ’ ಎಂಬುದೂ ಅದಕ್ಕೆ ಗೆರೆಯೇ. ಸಣ್ಣ ತೊಡಕು ಒಂದಿದೆ. ಕೆಲವು ಕೆತ್ತನೆ ತಂತ್ರಾಂಶಗಳಿಗೆ ಕನ್ನಡದ ಜೋಡಣೆ ತಿಳಿಯದೆ ಒತ್ತಕ್ಷರಗಳು ಚದುರುತ್ತವೆ. ಇಂಕ್‌ಸ್ಕೇಪಿನಂಥ ತಂತ್ರಾಂಶದಲ್ಲಿ ಮೊದಲು ಬರೆದು, ಅಕ್ಷರವನ್ನು ಬಾಹ್ಯರೇಖೆಯಾಗಿ ಬದಲಿಸಿ, ಆಮೇಲೆ ಯಂತ್ರಕ್ಕೆ ಕೊಟ್ಟರೆ ಸರಿಹೋಗುತ್ತದೆ. ಹೊಡೆಯುವ ಮುಂಚೆ ಕನ್ನಡ ಬಲ್ಲ ಒಬ್ಬರು ಓದಿ ನೋಡಬೇಕು, ಅಷ್ಟೇ. ಮಣ್ಣೆಯ ಬೀಡಿನಲ್ಲೂ ಮಸಿಯ ಬರಹವನ್ನು ಉಳಿ ತಾಗುವ ಮುಂಚೆ ಯಾರಾದರೂ ಓದಿ ನೋಡಿರಲೇಬೇಕು.

ಭೋಸರಿಯ ಶೆಡ್ಡಿನಲ್ಲಿ ದಿನವಿಡೀ ಇಂಗ್ಲಿಷ್ ಅಂಕಿ-ಅಕ್ಷರ ಹೊಡೆದ ಕೈ, ಸಂಜೆ ಮನೆಯಲ್ಲಿ ಮಗಳ ಊಟದ ಡಬ್ಬಿಯ ಮೇಲೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಬಹುದು. ಅದನ್ನು ಖೋಟಾ ಮಾಡಲು ಯಾರಿಗೂ ಲಾಭವಿಲ್ಲ, ತಾಳೆ ನೋಡಲು ಯಾವ ಕಡತವೂ ಬೇಡ. ಹಾಗೆ ಬರೆಯುವವರು ಹೆಸರಿನ ಪಕ್ಕದಲ್ಲಿ ಊರು ಮತ್ತು ಇಸವಿಯನ್ನೂ ಬರೆಯುವುದು ಒಳ್ಳೆಯದು. ಜಾಗ ಸಾಕಾಗದಿದ್ದರೆ ಅಕ್ಷರ ಸಣ್ಣದು ಮಾಡಿದರಾಯಿತು.